ಹಾರ್ನ್ ಕೇಳಿದ ಮೇಲೂ

ನೀರಿನ ಟ್ಯಾಂಕರಿನ ಹಾರ್ನ್ ಎರಡು ಸಲ ಕೇಳಿಸಿತು. ಆಗ ನಾನು ಕಣ್ಣು ಮುಚ್ಚಿಕೊಂಡು ನೀರಿಗಾಗಿಯೇ ಪ್ರಾರ್ಥಿಸುತ್ತಿದ್ದೆ.

ಅದು ಎರಡನೆಯ ಬರದ ವರ್ಷ. ಬೀದರಿನ ನಮ್ಮ ಚರ್ಚಿನ ಯುವಜನ ಕೂಟದವರು ಭಾನುವಾರ ಮಧ್ಯಾಹ್ನ ಹಳ್ಳಿಯ ಮನೆಗಳಿಗೆ ಹೋಗಿ ಮಳೆಗಾಗಿ ಪ್ರಾರ್ಥಿಸುತ್ತಿದ್ದೆವು. ಭಾಲ್ಕಿಯಲ್ಲಿ ಹೇಳಿದ ಮಾತುಗಳನ್ನೇ ಅಂದು ಸಂತಪುರದ ಒಂದು ಮನೆಯಲ್ಲೂ ಹೇಳುತ್ತಿದ್ದೆ; ಅವು ಬಾಯಿಪಾಠವಾಗಿದ್ದವು. ಆ ಮನೆಯ ಗಂಡ ಹೆಂಡತಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಇದ್ದವರು ಅಜ್ಜಿ ಮತ್ತು ಮೊಮ್ಮಗಳು. ಹಾರ್ನ್ ಕೇಳಿದರೂ ನಾನು ನಿಲ್ಲಿಸಲಿಲ್ಲ. ಜೊತೆಯವರು ಆಮೆನ್ ಎನ್ನುತ್ತಿದ್ದರು, ನನ್ನ ದನಿ ನನಗೇ ಹಿಡಿಸಿತ್ತು. ಪ್ರಾರ್ಥನೆಯ ನಡುವೆ ಏಳಬಾರದೆಂದು ಅವರಿಬ್ಬರೂ ತಲೆ ಬಾಗಿಸಿ ಕೂತೇ ಇದ್ದರು.

ಕಣ್ಣು ತೆರೆದಾಗ ಟ್ಯಾಂಕರ್ ಹೋಗಿತ್ತು.

"ಇನ್ನ ಬುಧವಾರನೇ ಬರ್ತದರಿ," ಎಂದಳು ಹುಡುಗಿ, ಖಾಲಿ ಕೊಡ ನೋಡುತ್ತ.

"ಮತ್ತ ಯಾಕ ಏಳಲಿಲ್ಲ?" ಎಂದೆ.

ಅಜ್ಜಿ ನಕ್ಕಳು. "ನೀವು ದೇವ್ರ ಜೋಡಿ ಮಾತಾಡ್ಲತ್ತಿದ್ರಿ ಯವ್ವಾ. ನಡುವ ಹ್ಯಾಂಗ ಏಳೋದ್ರಿ? ಅದೂ ನೀರಿಂದೇ ಮಾತು!"

ನನ್ನ ಜೊತೆಯವರು ಮುಂದಿನ ಮನೆಗೆ ಹೊರಟಿದ್ದರು. ನಾನೂ ಹೋದೆ.

ಮರುದಿನ ಬೆಳಿಗ್ಗೆ ಎರಡು ಕ್ಯಾನುಗಳಲ್ಲಿ ಮನೆಯ ನೀರು ತುಂಬಿಕೊಂಡು ಔರಾದಿಗೆ ಹೋಗುವ ಮೊದಲ ಬಸ್ಸಿನಲ್ಲಿ ಸಂತಪುರಕ್ಕೆ ಹೋದೆ. ಅವರ ಕೊಡಕ್ಕೆ ಸುರಿದು, ಪ್ರಾರ್ಥನೆಗೆ ಕೂರದೆ, ಅದೇ ಬಸ್ಸು ತಿರುಗಿ ಬರುವಷ್ಟರಲ್ಲಿ ನಿಲ್ದಾಣಕ್ಕೆ ಬಂದೆ.