ಎಸರು ಹಾಕಿದ ಜಪಾನಿ ಬ್ರೆಡ್ಡು

ಅತ್ತೆಯ ಹಲ್ಲುಗಳನ್ನೆಲ್ಲ ಕೀಳಿಸಿದ ಮೇಲೆ ನಮ್ಮ ಮನೆಯ ಊಟದ ಸದ್ದೇ ಬದಲಾಗಿ ಹೋಯಿತು. ಹಾನಗಲ್ಲಿನ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಾನು ನೋಡಿದ್ದು ಖಡಕ್ ರೊಟ್ಟಿಯನ್ನು ಕಟಕಟ ಮುರಿದು ತಿನ್ನುವ ಹೆಂಗಸನ್ನು. ಈಗ ಅವರು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕುಳಿತು, ನುಚ್ಚು ಮಜ್ಜಿಗೆ ನುಂಗುತ್ತಿದ್ದರು. ಯಾರಾದರೂ ಬಂದರೆ ಸೆರಗು ಬಾಯಿಗೆ ಬರುತ್ತಿತ್ತು. ಮಾಡಿಸಿ ತಂದ ಹಲ್ಲಿನ ಸೆಟ್ಟು ಸ್ಟೀಲ್ ಬಟ್ಟಲಿನ ನೀರಿನಲ್ಲಿ ಹಾಯಾಗಿ ಮಲಗಿತ್ತು.

"ಹಾಕ್ಕೊರಿ ಅತ್ತಿ, ರೂಢಿ ಆಗೂತನ ಅಷ್ಟ" ಎಂದರೆ, "ಬ್ಯಾರೇದವರ ಹಲ್ಲು ಬಾಯಾಗ ಇಟ್ಕೊಂಡಂಗ ಆಕೈತಿ. ಅಷ್ಟು ಹೌಸಿ ಇದ್ರ ನೀನ ಹಾಕ್ಕೊ" ಎನ್ನುತ್ತಿದ್ದರು.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಅವರು ಹಾಗೆ ಬೆನ್ನು ಮಾಡಿ ಕುಳಿತದ್ದನ್ನು ನೋಡಿದರೆ ಸಿಟ್ಟಿನ ಬದಲು ಅಳು ಬರುತ್ತಿತ್ತು. ನನಗೆ ರೊಟ್ಟಿ ಬಡಿಯುವುದನ್ನು ಕಲಿಸಿದ್ದು, ಬೈದು ಬೈದು ಕಲಿಸಿದ್ದು, ಇದೇ ಹೆಂಗಸು.

ಹಲ್ಲಿನ ಸೆಟ್ಟು ಸಡಿಲ ಮಾಡಿಸಲು ಶಿಗ್ಗಾಂವದ ಡಾಕ್ಟರ ಹತ್ತಿರ ಹೊರಟ ದಿನ, ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತ ಹೇಳಿಬಿಟ್ಟರು: "ಈ ಸಲ ಎಳ್ಳ ಅಮವಾಸಿಗೆ ನಾ ಹೊಲಕ್ಕ ಬರೂದಿಲ್ಲ. ನೀವು ಹೋಗಿ ಬರ್ರಿ."

ಆಡೂರಿನ ದಾರಿಯಲ್ಲಿರುವ ನಮ್ಮ ಹೊಲಕ್ಕೆ ಆ ದಿನ ಬುತ್ತಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಎಡೆ ತೋರಿಸಿ, ಆ ಊಟವನ್ನೇ ಕಲಸಿ ಬೆಳೆಯ ನಡುವೆ ಚೆಲ್ಲುತ್ತೇವೆ. ಅದೇ ಚರಗ. ಮೊದಲ ಹಿಡಿ ಯಾವಾಗಲೂ ಅತ್ತೆಯದು. ಆಮೇಲೆ ಎಲ್ಲರೂ ಬನ್ನಿ ಗಿಡದ ಕೆಳಗೆ ದುಂಡಗೆ ಕುಳಿತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿನ್ನುವುದು.

"ಯಾಕ್ರಿ ಅತ್ತಿ?"

"ಎಲ್ಲಾರೂ ರೊಟ್ಟಿ ಕಡೀವಾಗ ನಾ ಕೂಸಿನಂಗ ಹಾಲಾಗ ಅದ್ದಿಕೊಂಡು ಕುಂದರಲೇನು? ಬ್ಯಾಡ ಬಿಡು."

ಆ "ಬಿಡು" ಎಷ್ಟು ಮೆಲ್ಲಗೆ ಬಂತೆಂದರೆ, ಅವರು ಬೈದಿದ್ದರೇ ಚೆನ್ನಾಗಿತ್ತು.

ಡಾಕ್ಟರು ಸೆಟ್ಟನ್ನು ತಿಕ್ಕಿ ತೀಡಿ ಕೊಟ್ಟರು. ಅತ್ತೆ ಅದನ್ನು ಹೊರಗೆ ಬಂದ ಕೂಡಲೇ ತೆಗೆದು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಇಬ್ಬರಿಗೂ ಹಸಿವು. ಹೈವೇ ಬದಿಗೆ, ಮೊದಲು ಟೈರಿನ ಅಂಗಡಿ ಇದ್ದ ಜಾಗದಲ್ಲಿ, ಗಾಜಿನ ಬಾಗಿಲಿನ ಸಣ್ಣ ಕೆಫೆಯೊಂದು ಶುರುವಾಗಿತ್ತು. ಬಾಗಿಲ ಮೇಲೆ "ಜಪಾನಿ ಬ್ರೆಡ್ ಸಿಗುತ್ತದೆ" ಎಂದು ಬಣ್ಣದಲ್ಲಿ ಬರೆದಿದ್ದರು. ನಾನು ಮನೆಯಲ್ಲೇ ಹುಟ್ಟುಹಬ್ಬದ ಕೇಕು ಮಾಡಿ ಮಾರುವವಳು. ಇಂಥದ್ದನ್ನು ಕಂಡು ಸುಮ್ಮನೆ ಮುಂದೆ ಹೋಗುವುದುಂಟೇ? ಅತ್ತೆಯ ಕೈ ಹಿಡಿದು ಒಳಗೆ ನಡೆದೆ.

ನಡೆಸುವಾಕೆ ಹಿರೇಕೆರೂರಿನ ಹೆಣ್ಣುಮಗಳು. ಪುಣೆಯ ಜಪಾನಿ ಹೋಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದು, ಈಗ ಈ ಕಡೆ ಬಂದು ಸ್ವಂತದ್ದು ತೆರೆದಿದ್ದಳು. ಅತ್ತೆಯದು ಮೊದಲ ತನಿಖೆ: "ಏನಬೇ, ಇದರಾಗ ತತ್ತಿ ಐತೇನ?"

"ಇಲ್ರೀ ಅವ್ವಾರ. ಹಿಟ್ಟು, ಹಾಲು, ಬೆಣ್ಣಿ ಅಷ್ಟ. ನಂಬಿ ತಿನ್ರಿ."

ನನಗೆ ಮಾಚಾ ಎಂಬ ಹಸಿರು ಚಹಾ ಬಂತು, ಹಾಲಿನಲ್ಲಿ ನೊರೆ ಎಬ್ಬಿಸಿದ್ದು. ಅತ್ತೆ ಬಗ್ಗಿ ನೋಡಿ, "ಎಮ್ಮಿ ಹುಲ್ಲು ರುಬ್ಯಾರೇನು?" ಎಂದರು. ನಾನು ಒಂದು ಗುಟುಕು ಕುಡಿದೆ. ಮೊದಲು ಒಗರು, ಆಮೇಲೆ ಹಸಿ ಹಸಿ ಕಹಿ, ಅದೆಲ್ಲ ಇಳಿದ ಮೇಲೆ ನಾಲಿಗೆಯ ತುದಿಗೆ ಒಂದಿಷ್ಟೇ ಸಿಹಿ. ಸವಣೂರಿನ ಎಳೇ ಎಲೆಯನ್ನು ಅಡಕೆ ಸುಣ್ಣ ಇಲ್ಲದೆ ಬರಿದೇ ಅಗಿದ ಹಾಗೆ. ಎಲ್ಲಿಯ ಗುಡ್ಡದಲ್ಲಿ ಯಾವ ಹೆಣ್ಣುಮಗಳು ಚಿವುಟಿದ ಚಿಗುರೋ ಏನೋ, ಟೈರಿನ ಅಂಗಡಿಯಿದ್ದ ಜಾಗದಲ್ಲಿ ಕುಳಿತು ನಾನು ಕುಡಿಯುತ್ತಿದ್ದೇನಲ್ಲ ಎನಿಸಿ ಮೈ ಜುಮ್ಮೆಂದಿತು.

ಅತ್ತೆಯ ಮುಂದೆ ಬ್ರೆಡ್ಡು ಬಂತು. ಎರಡು ದಪ್ಪ ಬಿಳಿ ಹೋಳು, ನಡುವೆ ಬೂದಿ ಬಣ್ಣದ ಕೆನೆ. ಕರಿ ಎಳ್ಳನ್ನು ಹುರಿದು ನುಣ್ಣಗೆ ಅರೆದು ಬೆರೆಸಿದ್ದು ಅದು. ಅತ್ತೆ ಸೆರಗಿನ ಮರೆಯಲ್ಲೇ ಒಂದು ಚೂರು ಹರಿದರು. ಬ್ರೆಡ್ಡು ಪುಡಿಯಾಗಲಿಲ್ಲ, ಒಡೆದ ಕಾಯಿಯಿಂದ ಹತ್ತಿ ಬಿಡಿಸಿದಂತೆ ಎಳೆ ಎಳೆಯಾಗಿ ಬಂತು. ಬಾಯಿಗೆ ಹಾಕಿಕೊಂಡವರು ಅಲ್ಲಾಡಲೇ ಇಲ್ಲ.

"ಏನಾತ್ರಿ ಅತ್ತಿ?"

"ತಡಿ" ಎಂದರು. ತುತ್ತು ನುಂಗಿ, "ಎಳ್ಳು ಎಷ್ಟು ಚಂದ ಹುರದಾಳ ನೋಡು. ಕರಕಲಾಗಿಲ್ಲ, ಹಸೀನೂ ಇಲ್ಲ" ಎಂದರು. ಅಷ್ಟರಲ್ಲಿ ಸೆರಗು ಜಾರಿ ತೊಡೆಯ ಮೇಲೆ ಬಿದ್ದಿತ್ತು. ಹೊರಗಿನ ಜನ ಗಾಜಿನಿಂದ ಕಾಣುತ್ತಿದ್ದರು, ಒಳಗೆ ಕಾಲೇಜಿನ ಹುಡುಗಿಯರು ಕುಳಿತಿದ್ದರು. ಅತ್ತೆಗೆ ಯಾರ ಖಬರೂ ಇರಲಿಲ್ಲ. ತಟ್ಟೆ ಖಾಲಿ ಮಾಡಿ, "ಇನ್ನೊಂದು ಐತೇನ ಕೇಳು" ಎಂದರು. ನಾನು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡೆ.

ಎಳ್ಳ ಅಮವಾಸ್ಯೆಗೆ ಈ ಬ್ರೆಡ್ಡನ್ನು ಮಾಡಿಯೇ ತೀರುವುದು ಎಂದು ಅಲ್ಲೇ ನಿಶ್ಚಯ ಮಾಡಿದೆ. ಓವನ್ ಇದೆ, ಗರ್ವವೂ ಇದೆ, ಇನ್ನೇನು ಬೇಕು? ಯಾರನ್ನೂ ಕೇಳದೆ ಮೈದಾ, ಹಾಲು, ಈಸ್ಟು ಕಲಸಿ ಬೇಯಿಸಿದೆ. ಹೊರಬಂದದ್ದು ಇಟ್ಟಂಗಿ. ನಮ್ಮ ಮನೆಯವರು ಅದನ್ನು ಬೆರಳಿನಿಂದ ಬಡಿದು ನೋಡಿ, "ಹಿತ್ತಲ ಗ್ವಾಡಿಗೆ ಒಂದು ಕಡಿಮಿ ಬಿದ್ದಿತ್ತು" ಎಂದರು. "ನೀವು ಸುಮ್ಕ ಕುಂದರ್ರಿ!" ಎಂದು ನಾನು ಒದರಿದ್ದು ಓಣಿಯ ತುದಿಗೂ ಕೇಳಿಸಿರಬೇಕು.

ಸಿಟ್ಟು ಇಳಿದ ಮೇಲೆ ಮೊಬೈಲ್ ಹಿಡಿದು ಕುಳಿತೆ. ಒಂದು ವಿಡಿಯೋದಲ್ಲಿ ಜಪಾನಿನ ಮುದುಕಿಯೊಬ್ಬರು ಬ್ರೆಡ್ಡು ಮಾಡುತ್ತಿದ್ದರು. ಅವರ ಮಾತು ಒಂದಕ್ಷರ ತಿಳಿಯಲಿಲ್ಲ. ಬೋಗುಣಿಯಲ್ಲಿ ಹಿಟ್ಟು ಹಾಕಿದರು. ಒಲೆಯ ಮೇಲೆ ನೀರು ಮರಳುತ್ತಿತ್ತು. ಆ ಮರಳುವ ನೀರನ್ನು ಹಿಟ್ಟಿನ ನಡುವೆ ಸುರಿದು, ಕಟ್ಟಿಗೆಯ ಸೌಟಿನಿಂದ ಗರಗರ ತಿರುವಿದರು. ನಾನು ಕುಳಿತಲ್ಲಿಂದ ಎದ್ದು ನಿಂತೆ.

"ಅತ್ತೀ! ಲಗೂನ ಬರ್ರಿ ಇಲ್ಲೆ!"

ಅವರು ಏನು ಅನಾಹುತವಾಯಿತೋ ಎಂದು ಓಡಿ ಬಂದರು. ವಿಡಿಯೋ ಮತ್ತೆ ಹಚ್ಚಿದೆ. ಅತ್ತೆ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಅಯ್ಯ ಶಿವನ! ಈಕಿ ಎಸರು ಹಾಕಾಕತ್ತಾಳಲ್ಲ! ಯಾ ಊರಾಕಿ ಈಕಿ?"

"ಜಪಾನದಾಕಿರಿ."

"ಆಕಿಗೆ ಯಾರು ಹೇಳಿಕೊಟ್ರು?"

ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕದಿದ್ದರೆ ರೊಟ್ಟಿ ಹರಿಯುತ್ತದೆ, ಬಡಿಯಲು ಬರುವುದಿಲ್ಲ. ಇದು ನಮ್ಮ ಕಡೆಯ ಪ್ರತಿ ಹೆಣ್ಣುಮಗಳಿಗೂ ಗೊತ್ತು. ಸಮುದ್ರಗಳಾಚೆ, ಜೋಳವನ್ನೇ ಕಂಡಿರದ ಒಂದು ಅಡುಗೆಮನೆಯಲ್ಲಿ, ಅದೇ ಕೈ, ಅದೇ ಹಬೆ, ಬೆರಳು ಸುಟ್ಟಾಗ ಅದೇ ಥರ ಕೈ ಜಾಡಿಸುವುದು. ಆ ಮುದುಕಿ ಕೈ ಜಾಡಿಸಿದಾಗ ಅತ್ತೆಯೂ ತಮ್ಮ ಕೈ ಜಾಡಿಸಿದರು. ಜಗತ್ತು ಇಷ್ಟು ದೊಡ್ಡದೋ, ಇಷ್ಟು ಸಣ್ಣದೋ ತಿಳಿಯದೆ ನಾನು ವಿಡಿಯೋವನ್ನು ಮತ್ತೆ ಮೊದಲಿನಿಂದ ಹಚ್ಚಿದೆ.

ಹಲ್ಲು ಹೋದ ಮೇಲೆ ಒಲೆಯ ಹತ್ತಿರ ಬಾರದಿದ್ದ ಅತ್ತೆ ಅಂದು ಸೆರಗು ಸಿಕ್ಕಿಸಿದರು. "ಸರಿ ಆ ಕಡಿ. ಎಸರು ಹಾಕೂದು ನನಗ ಬಿಡು." ಆದರೆ ರೊಟ್ಟಿಯ ರೂಢಿಯ ಕೈ ನೋಡಿ, ಅಷ್ಟೂ ಮೈದಾಕ್ಕೆ ಎಸರು ಸುರಿದುಬಿಟ್ಟರು. ನಾನೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆನೇ ಹೊರತು ಬೇಡವೆನ್ನಲಿಲ್ಲ. ಬಿಸಿ ಹಿಟ್ಟಿಗೇ ಈಸ್ಟು ಹಾಕಿ ಅದನ್ನೂ ಕೊಂದೆವು. ಮೈದಾ ಗೋಂದಾಗಿ ಇಬ್ಬರ ಕೈಗೂ ಮೊಣಕೈವರೆಗೆ ಮೆತ್ತಿತು. ಅತ್ತೆ ತಮ್ಮ ಕೈ ನೋಡಿದರು, ನನ್ನ ಕೈ ನೋಡಿದರು, ಬೊಚ್ಚು ಬಾಯಿ ಪೂರ್ತಿ ತೆರೆದು ನಗತೊಡಗಿದರು. ಹಾಗೆ ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತೋ.

ಕೊನೆಗೆ ಗರ್ವ ಬಿಟ್ಟು ಶಿಗ್ಗಾಂವದ ಕೆಫೆಯಾಕೆಗೆ ಫೋನು ಮಾಡಿದೆ. ಆಕೆ ನಕ್ಕು, "ಎಲ್ಲಾದಕ್ಕೂ ಅಲ್ರೀ ಅಕ್ಕಾರ, ಒಂದೀಟ ಹಿಟ್ಟಿಗೆ ಅಷ್ಟ ಎಸರು. ಅದನ್ನ ರಾತ್ರಿಯೆಲ್ಲಾ ಆರಾಕ ಇಟ್ಟು, ಮುಂಜಾನೆ ಉಳಿದ ಹಿಟ್ಟಿನಾಗ ಕೂಡಿಸ್ರಿ" ಎಂದಳು. ಅಮವಾಸ್ಯೆಯ ಹಿಂದಿನ ದಿನ ಅತ್ತೆ ಎಸರು ಹಾಕಿದರು, ಎಳ್ಳನ್ನೂ ತಾವೇ ಹುರಿದರು. ಬೆಳಿಗ್ಗೆ ನಾದಿ, ಉಬ್ಬಲು ಬಿಟ್ಟು, ಓವನ್ನಿಗಿಟ್ಟೆ. ಅತ್ತೆ ಅದರ ಗಾಜಿನ ಮುಂದೆ ಮಣೆ ಹಾಕಿ ಕುಳಿತರು. ಹಿಟ್ಟು ತಾನಾಗಿ ಮೇಲೇಳುತ್ತ ಅಚ್ಚಿನ ಅಂಚು ದಾಟಿದಾಗ, ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಮನೆಯೆಲ್ಲ ಬೆಣ್ಣೆಯ ಮತ್ತು ಹುರಿದ ಎಳ್ಳಿನ ವಾಸನೆ. ತಟ್ಟೆಗೆ ಕೆಡವಿ ನಾನು ಒಂದು ಅಂಚು ಎಳೆದೆ. ಹತ್ತಿಯ ಹಾಗೆ ಎಳೆ ಎಳೆಯಾಗಿ ಬಂತು.

"ಅತ್ತಿ, ಹೊಲಕ್ಕ ಬರ್ತೀರೇನ್ರಿ?" ಎಂದೆ. ಅವರು ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದರು.

ಹೊಲದಲ್ಲಿ ನಾದಿನಿಯ ಮನೆಯವರೂ ಸೇರಿದ್ದರು. ಅತ್ತೆ ಎಡೆಯ ಬುಟ್ಟಿ ಮುಂದಿಟ್ಟುಕೊಂಡು ರೊಟ್ಟಿ ಮುರಿದರು, ಕಡುಬು, ಬದನೆಕಾಯಿ ಪಲ್ಯ, ಮೊಸರನ್ನ ಕೂಡಿಸಿ ಚರಗಕ್ಕೆ ಕಲಸಿದರು. ಆಮೇಲೆ ನನ್ನ ಡಬ್ಬಿಗೆ ಕೈ ಹಾಕಿ, ಬ್ರೆಡ್ಡಿನ ದೊಡ್ಡ ತುಂಡೊಂದನ್ನು ಹರಿದು, ಎಳೆ ಎಳೆಯಾಗಿ ಬಿಡಿಸಿ ಅದರಲ್ಲಿ ಬೆರೆಸತೊಡಗಿದರು.

ನಮ್ಮ ಮನೆಯವರು ಬೆರಗಾಗಿ, "ಅವ್ವ, ಭೂಮ್ತಾಯಿಗೆ ಜಪಾನಿ ಬ್ರೆಡ್ ಯಾಕ?" ಎಂದರು.

"ಸುಮ್ಕಿರೋ" ಎಂದರು ಅತ್ತೆ, ತಲೆಯೆತ್ತದೆ. "ಆಕಿ ನನಗಿಂತ ಹಿರ್ಯಾಕಿ. ಆಕಿಗೆ ಹಲ್ಲು ಎಲ್ಲಿ ಅದಾವು?"

ಅವರು ಎದ್ದು ಹೋಗಿ ಬಿಳಿಜೋಳದ ಸಾಲಿನಲ್ಲಿ ಮೊದಲ ಹಿಡಿ ಚೆಲ್ಲಿದರು. ಮರಳಿ ಬಂದು ಬನ್ನಿ ಗಿಡದ ಕೆಳಗೆ, ಎಲ್ಲರ ನಡುವೆ, ಎಲ್ಲರಿಗೂ ಮುಖ ಮಾಡಿ ಕುಳಿತು, "ನನಗೂ ಹಾಕು" ಎಂದು ತಟ್ಟೆ ಮುಂದೆ ಮಾಡಿದರು.