ನನ್ನನ್ನು ಕುರ್ಚಿಯ ಮೇಲೆ ಉಳಿಸಿದವರು

ಅವರ ಕರಿ ಕೋಟಿನ ಬಲ ಮೊಣಕೈ ಮೇಲೆ ಹರಿದದ್ದನ್ನು ರಫೂ ಮಾಡಿದ ಜಾಗವೊಂದಿತ್ತು. ಲೋಕಲ್ ರೈಲಿನಲ್ಲಿ ಹಿಡಿಕೆಗೆ ಕೈಯೆತ್ತಿ ನಿಂತರೆ ಅದು ಡಬ್ಬಿಗೆಲ್ಲ ಕಾಣುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಆರಡಿ ಎತ್ತರ, ಜೋಳದ ದಂಟಿನಂಥ ಮೈ, ಧಾರವಾಡದ ಮಾತು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮುಂಬಯಿಯಲ್ಲಿ ಮ್ಯಾಜಿಸ್ಟ್ರೇಟ್ ಆಗಿ ಸೇರಿದಾಗ ಅವರು ನಮಗೆಲ್ಲ ಹಿರಿಯ ನ್ಯಾಯಾಧೀಶರು. ಎಲ್ಲರಿಗೂ ಅವರು ‘ಸಾಹೇಬ್ರು’. ನಾನು ವಿಜಾಪುರದವಳೆಂದು ತಿಳಿದ ಮೇಲೆ ಚೇಂಬರಿನಲ್ಲಿ ಮಾತ್ರ ನನ್ನನ್ನು ‘ತಂಗಿ’ ಎನ್ನುತ್ತಿದ್ದರು.

ಗ್ರಾಂಟ್ ರೋಡಿನ ಹಳೆಯ ಬಿಲ್ಡಿಂಗಿನಲ್ಲಿ ಅವರದು ಎರಡು ಖೋಲಿಯ, ಅಂದರೆ ಎರಡೇ ಕೋಣೆಯ ಮನೆ. ಗಾಡಿಯಲ್ಲಿ ತಮ್ಮ ಕೋರ್ಟಿನ ಕಕ್ಷಿದಾರರು ಕಂಡರೆ ಮುಂದಿನ ಸ್ಟೇಷನ್ನಿನಲ್ಲೇ ಇಳಿದು ಬೇರೆ ಗಾಡಿ ಹಿಡಿಯುವರು. “ಜಡ್ಜ ಆದವಗ ಬಾಯಿಕಿಂತ ಕಿವಿ ಸಂಭಾಳಿಸೂದು ಕಷ್ಟ” ಅನ್ನುವರು.

ನಮ್ಮೆದುರು ವಾದಿಸುವ ವಕೀಲರು ಮೋಟಾರಿನಲ್ಲಿ ಬರುತ್ತಿದ್ದರು, ತೀರ್ಪು ಕೊಡುವ ನಾವು ಲೋಕಲ್‌ನಲ್ಲಿ ಜೋತುಬಿದ್ದು. ಸಂಬಳ ಹೆಚ್ಚಿಸಿರೆಂದು ಸಹೋದ್ಯೋಗಿಗಳು ಅರ್ಜಿ ಬರೆದು ಎರಡು ಸಲ ಅವರ ಸಹಿಗೆ ಒಯ್ದರು. ಎರಡು ಸಲವೂ ಹಾಕಲಿಲ್ಲ. “ಸರಕಾರದ ವ್ಯಾಜ್ಯ ದಿನಾ ನಮ್ಮ ಮುಂದ ಬರತಾವ. ಅವರ ಮುಂದ ನಾವು ಕೈ ಚಾಚೂದು ಹ್ಯಾಂಗ?” ಹಿರಿಯರ ಸಹಿ ಇಲ್ಲದ ಅರ್ಜಿ ಮುಂದೆ ಹೋಗಲಿಲ್ಲ. ಹಲವರಿಗೆ ಅವರ ಮೇಲೆ ಸಿಟ್ಟಿತ್ತು. ನನಗೂ.

ನಾನು, ನನ್ನ ಗಂಡ, ಮೂರು ವರ್ಷದ ಮಗಳು ಕಾಂದಿವಲಿಯ ಒಂದು ಖೋಲಿಯಲ್ಲಿ ಬಾಡಿಗೆಗಿದ್ದೆವು. ಗಂಡ ಶಾಲಾ ಮಾಸ್ತರ. ಒಂದು ದಿನ ನನ್ನ ಕೋರ್ಟಿಗೆ ಬಂದ ಪ್ರಕರಣದ ಕಾಗದ ತೆಗೆದರೆ, ಆರೋಪಿ ನಮ್ಮ ಮನೆಯ ಮಾಲೀಕನೇ! ತನ್ನ ಇನ್ನೊಂದು ಚಾಳಿನ, ಅಂದರೆ ವಠಾರದ, ಬಾಡಿಗೆದಾರರನ್ನು ಓಡಿಸಲು ನೀರು ಕಟ್ ಮಾಡಿಸಿದ್ದ. ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಅವನೇ ಒಂದು ಬುಟ್ಟಿ ಆಪೂಸು ಮಾವು ಹಿಡಿದು ನಿಂತಿದ್ದ. “ಆಪ್ ತೋ ಘರ್ ಕೇ ಹೈಂ”, ನೀವು ನಮ್ಮ ಮನೆಯವರೇ ಅಲ್ಲವೇ, ಎಂದು ನಕ್ಕ. ಬುಟ್ಟಿ ವಾಪಸು ಕಳಿಸಿದೆ. ಮರುದಿನವೇ ಸಾಹೇಬ್ರಿಗೆ ಹೇಳಿ ಪ್ರಕರಣವನ್ನು ಬೇರೆ ಕೋರ್ಟಿಗೆ ವರ್ಗ ಮಾಡಿಸಿದೆ. ಅದೇ ವಾರ ಮಾಲೀಕ ಮನೆ ಖಾಲಿ ಮಾಡಲು ಹೇಳಿದ.

ಆಗ ಖಾಸಗಿ ಕಂಪನಿಯೊಂದು ಕಾನೂನು ಅಧಿಕಾರಿಯ ಕೆಲಸಕ್ಕೆ ನನ್ನನ್ನು ಕರೆದಿತ್ತು. ಸಂಬಳ ಮೂರು ಪಟ್ಟು, ಜೊತೆಗೊಂದು ಮನೆ. ರಾಜೀನಾಮೆ ಬರೆದು ಅವರ ಮೇಜಿನ ಮೇಲಿಟ್ಟೆ. ಎಲ್ಲವನ್ನೂ ಬರೆದಿದ್ದೆ, ಮಾವಿನ ಬುಟ್ಟಿಯನ್ನೂ. ತ್ಯಾಗ, ಸೇವೆ ಎಂದು ಬುದ್ಧಿ ಹೇಳುತ್ತಾರೆಂದು ಕಾದೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟರು.

“ತಪ್ಪು ನಂದು ತಂಗಿ. ನನ್ನ ಮಾನ ಕಾಯಲಿಕ್ಕ ಹೋಗಿ ನಿಮ್ಮ ಮನಿ ಮುರದೆ. ಬರೋ ತಿಂಗಳ ನಾ ರಿಟೈರ್ ಆಗತೇನಿ. ಆಮ್ಯಾಲೆ ಸಂಬಳದ ಮಾತಾಡಿದರ ಅದು ನನ್ನ ಸಲುವಾಗಿ ಆಗೂದಿಲ್ಲ. ಈ ಕಾಗದ ನನಗ ಕೊಡು. ಸ್ವಲ್ಪ ತಡಿ.”

“ಎಲ್ಲಿ ಇರೂದ್ರಿ ಸಾಹೇಬ್ರ ಅಲ್ಲೀತನಕ?”

“ನಮ್ಮ ಮನಿಯಾಗ.”

ಎರಡರಲ್ಲಿ ಒಂದು ಖೋಲಿ ನಮ್ಮದಾಯಿತು. ಅವರ ಹೆಂಡತಿ ನನ್ನ ಮಗಳಿಗೆ ದಿನಾ ಎರಡು ಜಡೆ ಹೆಣೆದು, “ಮನಿ ತುಂಬಿದಂಗ ಆತು ನೋಡು” ಎನ್ನುವರು.

ನ್ಯಾಯಾಧೀಶರ ಸಂಬಳದ ಬಗ್ಗೆ ಅಭಿಪ್ರಾಯ ಕೇಳಲು ಸರಕಾರ ಒಂದು ಸಮಿತಿ ಮಾಡಿತ್ತು. ನಿವೃತ್ತರಾದ ಮರುವಾರ ಸಾಹೇಬ್ರು ಅದರೆದುರು ಹೋದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹೆಸರು ಬಿಟ್ಟು ನನ್ನ ಕಾಗದವನ್ನು ಪೂರ್ತಿ ಓದಿದರು. ಸದಸ್ಯರೊಬ್ಬರು, “ಪ್ರಾಮಾಣಿಕರಾದವರು ಎಷ್ಟು ಸಂಬಳವಿದ್ದರೂ ಪ್ರಾಮಾಣಿಕರೇ ಅಲ್ಲವೇ?” ಎಂದರು.

“ಹೌದು,” ಎಂದರು ಸಾಹೇಬ್ರು. “ಈ ಹುಡುಗಿ ಹಣ್ಣು ಮುಟ್ಟಲಿಲ್ಲ, ಮನೆ ಕಳೆದುಕೊಂಡಳು. ಸಂಬಳ ಕೊಟ್ಟು ಪ್ರಾಮಾಣಿಕತೆ ಕೊಳ್ಳಿರೆಂದು ನಾನು ಕೇಳುತ್ತಿಲ್ಲ. ಇರುವ ಪ್ರಾಮಾಣಿಕರನ್ನು ಓಡಿಸಬೇಡಿ ಎನ್ನುತ್ತಿದ್ದೇನೆ. ಇವರೆಲ್ಲ ಹೋದ ಮೇಲೆ ಆ ಕುರ್ಚಿಗೆ ಯಾರು ಬರುತ್ತಾರೆ, ಯೋಚಿಸಿ.”



ಎಂಟು ತಿಂಗಳಿಗೆ ಆದೇಶ ಬಂತು. ಸಂಬಳ ಏರಿತು. ಬಾಂದ್ರಾದಲ್ಲಿ ನಮಗೆ ಸರಕಾರಿ ಕ್ವಾರ್ಟರ್ಸೂ ಸಿಕ್ಕಿತು. ಆ ಭಾನುವಾರ ಗ್ರಾಂಟ್ ರೋಡಿನ ಆ ಬಿಲ್ಡಿಂಗಿನ ಮೆಟ್ಟಿಲ ತುಂಬ ನ್ಯಾಯಾಧೀಶರು, ಕೈಯಲ್ಲಿ ಹಾರ. ಹಿಂದೆ ಸಿಟ್ಟಾಗಿದ್ದವರೇ ಎಲ್ಲರಿಗಿಂತ ಮುಂದೆ! ಯಾವ ಗಲಾಟೆಯೋ ಎಂದು ನೆರೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಒಳಗೆ ನಾನೂ ಅವರ ಹೆಂಡತಿಯೂ ಮೂವತ್ತು ಮಂದಿಗೆ ಉಪ್ಪಿಟ್ಟು ತಿರುವುತ್ತಿದ್ದೆವು. ಬನಿಯನ್ನಿನಲ್ಲೇ ಹೊರಬಂದ ಸಾಹೇಬ್ರ ಕೊರಳು ಕಿವಿಯವರೆಗೂ ಹೂವಿನಲ್ಲಿ ಮುಳುಗಿತು.

ಹೊಸ ಸಂಬಳ ಆಗಲೇ ನಿವೃತ್ತರಾದವರಿಗೆ ಅನ್ವಯಿಸುತ್ತಿರಲಿಲ್ಲ. ಯಾರೋ ಕೇಳಿಯೇಬಿಟ್ಟರು: “ಸಾಹೇಬ್ರ, ಇದರಾಗ ನಿಮಗೇನು ಬಂತು?”

ಹಾರದೊಳಗಿಂದ ಗಟ್ಟಿಯಾಗಿ ನಕ್ಕರು. “ಏನೂ ಬರಲಿಲ್ಲಲ್ಲಪಾ, ಅದಕ್ಕ ಗೆದ್ದೆ!”

ಅವರು ತೀರಿಹೋಗಿ ಬಹಳ ವರ್ಷಗಳಾದವು. ಅವರ ಸಾವಿನ ಸುದ್ದಿ ಬಂದಾಗ ನಾನೊಂದು ತೀರ್ಪು ಓದುತ್ತಿದ್ದೆ. ನಿಲ್ಲಿಸಲಿಲ್ಲ, ಕೊನೆಯ ಸಾಲಿನವರೆಗೂ ಓದಿ, ಸಹಿ ಮಾಡಿ, ಆಮೇಲೆ ಚೇಂಬರಿಗೆ ಹೋಗಿ ಅತ್ತೆ. ಆ ದಿನ ಕಾಗದ ಕೊಟ್ಟು ಹೊರಟುಹೋಗಿದ್ದರೆ ಆ ತೀರ್ಪು ಬರೆಯಲು ನಾನು ಅಲ್ಲಿರುತ್ತಿರಲಿಲ್ಲ.