ತೆರೆಯಲಾಗದ ಪೆಟ್ಟಿಗೆ

ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವವನು ಬಂಗಾರಪೇಟೆಗೆಲ್ಲ ನಾನೊಬ್ಬನೇ ಇದ್ದೆ. ಒಮ್ಮೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಹೊಸ ಬಗೆಯ ಕಾರೊಂದು ನಮ್ಮ ರಿಪೇರಿ ಶೆಡ್ಡಿನ ಮುಂದೆ ನಿಂತುಹೋಯಿತು. ಓಡಿಸುತ್ತಿದ್ದವನು ನಂದಿದುರ್ಗ ಚಿನ್ನದ ಗಣಿಯಲ್ಲಿ ದುಡಿದಿದ್ದ ಅಪ್ಪನನ್ನು ವೆಲ್ಲೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಮುದುಕರಿಗೆ ಉಸಿರೇ ಸಾಲುತ್ತಿರಲಿಲ್ಲ.

“ಗಾಬರಿ ಬ್ಯಾಡ ತಾತ, ಈಗ್ಲೇ ಓಡಿಸ್ತೀನಿ,” ಅಂದೆ.

ಇಂಜೆಕ್ಟರಿನ ಪ್ಲಗ್ ಕಿತ್ತು ಟೆಸ್ಟ್ ಬಲ್ಬ್ ಇಟ್ಟೆ. ಕರೆಂಟು ಬರುತ್ತಿತ್ತು, ತಂತಿಗಳೂ ಸರಿಯಿದ್ದವು. ಆದರೆ ಸ್ಟಾರ್ಟ್ ಮಾಡಿದಾಗ ಮಿನುಗಬೇಕಾದ ಬಲ್ಬ್ ಮಿನುಗಲಿಲ್ಲ. ಪೆಟ್ರೋಲ್ ಬಿಡು ಅಂತ ಇಂಜೆಕ್ಟರಿಗೆ ಹೇಳಬೇಕಾದ ಕಂಪ್ಯೂಟರ್ ಪೆಟ್ಟಿಗೆಯೇ ಸತ್ತಿತ್ತು. ಕಂಪನಿಯವರೇ ಸೀಲ್ ಮಾಡಿದ್ದರಿಂದ ಅದನ್ನು ಬಿಚ್ಚುವಂತಿರಲಿಲ್ಲ, ಬೇರೆಯದು ಊರಲ್ಲಿ ಸಿಗುತ್ತಿರಲಿಲ್ಲ.

“ಎಲ್ಲಿ ಕೆಟ್ಟಿದೆ ಅಂತ ಗೊತ್ತಾಯ್ತು ತಾತ. ರಿಪೇರಿ ಆಗಲ್ಲ.”

ಮುದುಕರು ಕೆಮ್ಮುತ್ತಲೇ ನಕ್ಕರು. “ನನ್ ಎದೆಗೂ ಡಾಕ್ಟ್ರು ಇದೇ ಯೋಳಿದ್ದು ಕಣಪ್ಪ. ನೀನೂ ದೊಡ್ಡ ಡಾಕ್ಟ್ರೇ ಬುಡು.”

ಮಗ ಅವರ ತೋಳು ಹಿಡಿದು ರೈಲು ಹಿಡಿಯಲು ಸ್ಟೇಷನ್ ಕಡೆ ನಡೆಸಿಕೊಂಡು ಹೋದ. ಯಾರು ಹೊಗಳಿದರೂ ಉಬ್ಬುವವನು ನಾನು. ಆ ಹೊಗಳಿಕೆಗೆ ಮಾತ್ರ ನಾಚಿ, ಅವರು ಬಿಟ್ಟುಹೋದ ಕಾರಿನಡಿ ತೂರಿ ಅಲ್ಲೇ ಮಲಗಿಬಿಟ್ಟೆ.